ಮಸ್ಕತ್ ಕಾಣದ ಮಸ್ಕತ್ ಸಲಾವುದ್ದೀನ

ಗಜೇಂದ್ರಗಡದಲ್ಲಿ ಸಲಾವುದ್ದೀನ ನದಾಫ ಅಂತ ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ಮಸ್ಕತ್ ಸಲಾವುದ್ದೀನ ಅನ್ನಿ, ಬಾಗಿಲ ತನಕ ಕರೆದುಕೊಂಡು ಹೋಗಿ ನಿಲ್ಲಿಸುತ್ತಾರೆ. ಆ ಮನುಷ್ಯ ಮಸ್ಕತ್ತನ್ನು ನಕಾಶೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ನಮ್ಮ ಕಡೆ ಮಂದಿಗೆ ಅದೊಂದು ಕೆಟ್ಟ ಚಾಳಿ. ಲಗ್ನ ಮುರಿದುಹೋದವನನ್ನು ಮದುಮಗ ಅನ್ನುತ್ತಾರೆ, ಚುನಾವಣೆಗೆ ನಿಂತು ಠೇವಣಿ ಕಳೆದುಕೊಂಡವನನ್ನು ಸಾಯುವ ತನಕ ಮೆಂಬರ್ ಅನ್ನುತ್ತಾರೆ. ಕರೆಯುವವರಿಗೆ ನಗು ಬಂದರೆ ಸಾಕು, ಕರೆಸಿಕೊಳ್ಳುವವನ ಹೊಟ್ಟೆಯ ಸಂಕಟ ಯಾರಿಗೆ ಬೇಕು. ಅವನು ಯಾಕೆ ಹೋಗಲಿಲ್ಲ ಅನ್ನುವುದಕ್ಕೆ ಊರಲ್ಲಿ ನಾಲ್ಕಾರು ಕಥೆಗಳಿವೆ. ಏಜೆಂಟ ಮುಳುಗಿಸಿದ ಅನ್ನುವವರುಂಟು, ವಿಮಾನಕ್ಕೆ ಹೆದರಿದ ಅನ್ನುವವರುಂಟು. ಎಲ್ಲ ಹುಸಿ. ಟಿಕೆಟ್ಟು ಬಂದಿತ್ತು, ಬ್ಯಾಗು ತುಂಬಿಟ್ಟಾಗಿತ್ತು. ಹೋಗದಿದ್ದುದಕ್ಕೆ ಕಾರಣ ಬೇರೆ, ಅದನ್ನು ಬುಡದಿಂದಲೇ ಹೇಳಬೇಕು.

ಅವನ ಅಪ್ಪ ರಮಜಾನಸಾಬ ಪಿಂಜಾರ, ಅಂದರೆ ಅರಳೆ ಹಿಂಜಿ ಗಾದಿ ತುಂಬುವವನು. ಆಳೆತ್ತರದ ಬಿಲ್ಲನ್ನು ಸೂರಿಗೆ ತೂಗುಬಿಟ್ಟು, ಅದರ ನಾರಿಗೆ ಕಟ್ಟಿಗೆಯ ಗುಂಡಿನಿಂದ ಹೊಡೆಯುತ್ತ ಹೋದರೆ ಗಂಟುಗಟ್ಟಿದ ಅರಳೆ ಬಿಚ್ಚಿಕೊಂಡು ಹಗುರಾಗುತ್ತದೆ. ಓಣಿಯಲ್ಲಿ ನಿಂತು ಆ ಸಪ್ಪಳ ಕೇಳುವುದಕ್ಕೆ ಚೆಂದ. ಒಳಗೆ ಕೂತು ನೋಡಬೇಕು. ಧೂಳು ಅಂದರೆ ಅಂಥಿಂಥ ಧೂಳಲ್ಲ. ಹುಬ್ಬು, ಮೀಸೆ, ಕಿವಿಯ ಸಂದು ಎಲ್ಲ ಬೆಳ್ಳಗಾಗಿ ಮನುಷ್ಯನ ಗುರುತೇ ಸಿಗುವುದಿಲ್ಲ. ಕೆಲಸ ಮುಗಿದ ಮೇಲೆ ಒಂದು ಹೆಂಟೆ ಬೆಲ್ಲ ತಿಂದು ತಂಬಿಗೆ ನೀರು ಕುಡಿದರೆ ಎದೆಯ ಧೂಳೆಲ್ಲ ಹೊಟ್ಟೆಗೆ ಇಳಿದುಹೋಗುತ್ತದೆ ಅಂತ ಆ ಮನೆಯವರು ಮೂರು ತಲೆಮಾರಿನಿಂದ ನಂಬಿದ್ದರು. ಇನ್ನು ಕೆಮ್ಮು. ಅವರಲ್ಲಿ ಕೆಮ್ಮನ್ನು ರೋಗ ಅಂತ ಎಣಿಸಿದವರೇ ಇಲ್ಲ. ಗಂಡಸರು ಕೆಮ್ಮುತ್ತಿದ್ದಾರೆ ಅಂದರೆ ಕೈತುಂಬ ಕೆಲಸವಿದೆ ಅಂತ ಲೆಕ್ಕ. ರಮಜಾನಸಾಬನ ಹೆಂಡತಿ ಖಾಜಾಬಿ ಬೀಗರ ಮುಂದೆ ಹೆಮ್ಮೆಯಿಂದಲೇ ಹೇಳುತ್ತಿದ್ದಳು, ನಮ್ಮ ಮನಿಯೊಳಗ ಮಳಿಗಾಲ ಇರಲಿ ಬ್ಯಾಸಗಿ ಇರಲಿ ಕೆಮ್ಮು ನಿಂತದ್ದಿಲ್ಲ ಅಂತ.

ಆ ಮನೆಯಲ್ಲಿ ಇಬ್ಬರು ಹುಡುಗರು ಬೆಳೆದರು. ಒಬ್ಬ ಮಗ ಸಲಾವುದ್ದೀನ. ಇನ್ನೊಬ್ಬ, ಮೆಣಸಗಿಯಲ್ಲಿ ತೀರಿಕೊಂಡ ರಮಜಾನಸಾಬನ ತಂಗಿ ಕಾಶೀಂಬಿಯ ಮಗ ಸಾಜೀದ. ಇಬ್ಬರಿಗೂ ಒಂದೇ ವಯಸ್ಸು, ಒಂದೇ ಮುಖ. ಅದೇ ಗಿಣಿಮೂಗು, ಅದೇ ಕೂಡುಹುಬ್ಬು. ಹೊಸ ಮಾಸ್ತರರು ಒಬ್ಬನ ತಪ್ಪಿಗೆ ಇನ್ನೊಬ್ಬನಿಗೆ ಹೊಡೆದದ್ದುಂಟು. ಓದಿನಲ್ಲಿ ಇಬ್ಬರೂ ಚುರುಕು, ಖರೇ ಹೇಳಬೇಕೆಂದರೆ ಲೆಕ್ಕದಲ್ಲಿ ಸಾಜೀದನೇ ಒಂದು ಕೈ ಮೇಲು. ಆದರೆ ಏಳನೆಯ ಇಯತ್ತೆ ಮುಗಿಯುವ ಹೊತ್ತಿಗೆ ರಮಜಾನಸಾಬನ ಬಲ ರಟ್ಟೆ ಮೇಲೇಳದಂತಾಯಿತು. ಬಿಲ್ಲಿನ ಮುಂದೆ ಒಬ್ಬರು ಕೂರಲೇಬೇಕಿತ್ತು. ಯಾರನ್ನು ಸಾಲಿ ಬಿಡಿಸುವುದು ಅಂತ ಅವನು ಬಹಳ ದಿನ ಒದ್ದಾಡಿದನಂತೆ. ಕಡೆಗೆ ಗುಂಡನ್ನು ಅಳಿಯನ ಕೈಗೆ ಕೊಟ್ಟ. ಯಾವ ಅಪ್ಪನಾದರೂ ಅದನ್ನೇ ಮಾಡುತ್ತಿದ್ದ, ಬಿಡಿ. ಸಾಜೀದ ಮರುದಿನವೇ ಬಿಲ್ಲಿನ ಮುಂದೆ ಕೂತ. ಅವತ್ತಿನಿಂದ ಅವನು ಹಿಂಜಿದ, ಇವನು ಓದಿದ. ಅವನು ತುಂಬಿದ ಗಾದಿಗಳ ಮೇಲೆ ರೋಣ, ನರಗುಂದದ ಮಂದಿ ಮಲಗಿ ಎದ್ದರು, ಇವನು ಬಾಗಲಕೋಟೆಗೆ ಹೋಗಿ ಮೆಕ್ಯಾನಿಕಲ್ ಇಂಜಿನಿಯರ್ ಆಗಿ ಬಂದ. ಮಗಳು ಗುಲ್ಷನಳನ್ನು ಸಾಜೀದನಿಗೇ ಕೊಡುವುದು ಅಂತ ಮಾತಾಗಿತ್ತು. ಆ ಹುಡುಗಿಗೂ ಅವನ ಮೇಲೆ ಜೀವ. ರಮಜಾನ್ ಮುಗಿದ ಮೇಲೆ ನಿಕಾಹ್ ಅಂತ ಹಿರಿಯರು ಹೇಳಿದ್ದರು.

ಇಂಜಿನಿಯರ್ ಆದ, ಮುಂದೆ? ಎರಡು ಸಾವಿರದ ಎರಡರಲ್ಲಿ ಪಾಸಾದವನು ಎರಡು ವರ್ಷ ಚಪ್ಪಲಿ ಸವೆಸಿದ. ಹುಬ್ಬಳ್ಳಿಯ ಕಾರ್ಖಾನೆಗಳವರು ಅನುಭವ ಎಲ್ಲಿ ಅಂದರು. ಕೆಲಸ ಕೊಡದೆ ಅನುಭವ ಎಲ್ಲಿಂದ ತರಬೇಕು, ರೋಣದ ಸಂತೆಯಲ್ಲಿ ಕಿಲೋಗಟ್ಟಲೆ ಮಾರುತ್ತಾರೇನು? ಊರಲ್ಲಿ ಅವನು ಕಟ್ಟೆಯ ಮುಂದೆ ಹಾದರೆ ಸಾಕು, ಇಂಜಿನಿಯರ್ ಸಾಹೇಬ್ರ, ನೌಕರಿ ಎಲ್ಲಿತನಕ ಬಂತು ಅಂತ ಒಬ್ಬರಲ್ಲ ಒಬ್ಬರು ಕೇಳುವವರೇ. ಅಷ್ಟರಲ್ಲಿ ಗಜೇಂದ್ರಗಡಕ್ಕೂ ಫೋಮ್ ಗಾದಿಯ ಅಂಗಡಿ ಬಂದು ಮನೆಯ ಕಸುಬಿಗೂ ಕಲ್ಲು ಬಿತ್ತು. ಸಲಾವುದ್ದೀನ ಹಗಲು ಮನೆಯಲ್ಲಿ ಕೂರಲಾರದೆ ಗುಡ್ಡದ ಕಡೆ ಹೋಗಿ ಕೂರುತ್ತಿದ್ದ. ಮನೆಯಿಂದ ಬಿಲ್ಲಿನ ಸಪ್ಪಳ ಅಲ್ಲಿಗೂ ಕೇಳುತ್ತದೇನೋ ಅನ್ನಿಸುತ್ತಿತ್ತು ಅವನಿಗೆ. ಅವನೊಬ್ಬನ ಓದಿಗೆ ಎರಡು ಜೀವ ದುಡಿದಿದ್ದವು, ಈಗ ಅವನು ತಾಟಿನ ಮುಂದೆ ಕೂತು ರೊಟ್ಟಿ ಮುರಿಯುವುದಕ್ಕೂ ನಾಚುತ್ತಿದ್ದ.

ಕಾಲೇಜಿನಲ್ಲಿ ಅವನಿಗಿಂತ ಮುಂದಿದ್ದವನೊಬ್ಬ ಮಸ್ಕತ್ತಿನಲ್ಲಿದ್ದ. ಅವನ ಕಡೆಯಿಂದ ದಾರಿ ತೆರೆಯಿತು. ದೊಡ್ಡ ದೊಡ್ಡ ಕಟ್ಟಡಗಳಿಗೆ ತಂಪುಗಾಳಿಯ ಕೊಳವೆ ಕೂಡಿಸುವ ಕಂಪನಿ, ಹೊಸ ಹುಡುಗನಾದರೂ ನಡೆಯುತ್ತದೆ ಅಂದಿತು. ಫೋನಿನಲ್ಲೇ ಸಂದರ್ಶನ. ಬಸ್ ಸ್ಟ್ಯಾಂಡಿನ ಹತ್ತಿರ ವಾಸುದೇವನ ಎಸ್‌ಟಿಡಿ ಬೂತಿನಲ್ಲಿ ಸಲಾವುದ್ದೀನ ಹಬ್ಬದ ಅಂಗಿ ತೊಟ್ಟು ನಿಂತ. ಸಪ್ಪಳ ಆದೀತು ಅಂತ ವಾಸುದೇವ ಫ್ಯಾನು ಆರಿಸಿ, ಗಿರಾಕಿಗಳನ್ನು ಹೊರಗೆ ನಿಲ್ಲಿಸಿ, ಮೊಪೆಡ್ಡು ಸುರುಮಾಡಲು ಹೊರಟ ಯಾರನ್ನೋ ಬೈದು ಸುಮ್ಮನಾಗಿಸಿದ. ಬೆವರಿನಲ್ಲಿ ತೊಯ್ದು ಹೊರಗೆ ಬಂದ ಹುಡುಗನನ್ನು ನೋಡಿ, ಆತೇನು ಅಂತ ಕೇಳಿದ. ಆಗಿತ್ತು. ಮುಂಬೈಯ ಏಜೆಂಟನ ಕೈಯಲ್ಲಿ ವೀಸಾ ಬರುತ್ತದೆ, ರಮಜಾನಿನ ಚಂದ್ರ ಕಾಣುವುದರೊಳಗೆ ಬಂದು ಕೆಲಸಕ್ಕೆ ಸೇರಬೇಕು, ತಪ್ಪಿದರೆ ಜಾಗ ಇನ್ನೊಬ್ಬರಿಗೆ ಅಂತ ಕಂಪನಿ ಹೇಳಿತು. ಅದಕ್ಕೆ ಮೊದಲು ಒಂದು ದೇಹಪರೀಕ್ಷೆ. ಅದೇನು ಮಹಾ ಅಂತ ಎಲ್ಲರೂ ಅಂದುಕೊಂಡರು.

ಮಹಾ ಆಗಿದ್ದೇ ಅದು. ಮುಂಬೈಯ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದು, ಎದೆಯಲ್ಲಿ ಕಲೆ ಇದೆ, ನಡೆಯುವುದಿಲ್ಲ ಅಂದುಬಿಟ್ಟರು. ಐದು ವರ್ಷದವನಿದ್ದಾಗ ನಿಮೋನಿಯಾ ಆಗಿ ಸಲಾವುದ್ದೀನ ಸಾಯಬೇಕಾದವನು ಬದುಕಿದ್ದ, ಅದರ ಗುರುತು. ಅಲ್ಲಿನ ಡಾಕ್ಟರು ಒಳ್ಳೆಯವರು, ನಿನಗೇನೂ ಆಗಿಲ್ಲಪ್ಪ, ಕಲ್ಲಿನಂತಿದ್ದೀ, ಆದರೆ ಆ ದೇಶದವರಿಗೆ ಎದೆಯ ಮೇಲೆ ಚುಕ್ಕೆಯೂ ಇರಕೂಡದು ಅಂತ ಹೇಳಿದರು. ದವಾಖಾನೆಯ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈಹೊತ್ತು ಕೂತವನ ಪಕ್ಕದಲ್ಲಿ ಏಜೆಂಟ ಬಂದು ಕೂತ. ಇಂಥವನ್ನು ಅವನು ಬಹಳ ನೋಡಿದ್ದ. ನಿನ್ನ ಎದೆ ಬೇಡ, ನಿನ್ನ ಹೆಸರು ಇರಲಿ ಅಂದ. ನಿನ್ನಂತೆಯೇ ಕಾಣುವ ಗಟ್ಟಿಮುಟ್ಟಾದವನು ಯಾರಾದರೂ ಇದ್ದರೆ ನಿನ್ನ ಪಾಸ್‌ಪೋರ್ಟ್ ಹಿಡಿದು ಬೇರೆ ದವಾಖಾನೆಗೆ ಬರಲಿ, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ ಅಂದ. ಹೇಳಿಮಾಡಿಸಿದಂತೆ ಕಾಣುವವನು ಮನೆಯಲ್ಲೇ ಇದ್ದನಲ್ಲ.

ಇದು ತಪ್ಪು ಅಂತ ಸಲಾವುದ್ದೀನನಿಗೆ ಗೊತ್ತಿತ್ತು. ಆದರೆ ಎರಡು ವರ್ಷ ಗುಡ್ಡದಲ್ಲಿ ಕೂತವನಿಗೆ ತಪ್ಪು ಸರಿ ಎರಡೂ ದೂರದಿಂದಲೇ ಕಾಣುತ್ತವೆ. ಊರಿಗೆ ಬಂದು ಸಾಜೀದನ ಮುಂದೆ ಹೇಳಿದ. ಸಾಜೀದ ಅರಳೆಯ ಗುಡ್ಡೆಯ ನಡುವೆ ಕೂತು ನಕ್ಕ.

"ನನ್ನ ಎದಿ ಇನ್ನ ಯಾತಕ್ಕ ಬಂದೀತು, ತಗೋ. ಹಂಗರ ಮುಂಬೈ ನೋಡಿದಂಗಾಗತೈತಿ."

ಮನೆಯಲ್ಲಿ ಒಬ್ಬರಿಗೂ ಸಾಜೀದನ ಎದೆಯ ಬಗ್ಗೆ ಅನುಮಾನ ಬರಲಿಲ್ಲ. ಅವನೂ ಕೆಮ್ಮುತ್ತಿದ್ದ, ಆಗಲೇ ಸೊರಗಿದ್ದ. ಆದರೆ ಪಿಂಜಾರ ಕೆಮ್ಮದೆ ಇನ್ನೇನು ಮಾಡಬೇಕು, ದುಡಿಯುವ ಮೈ ಸೊರಗದೆ ಇರುತ್ತದೆಯೇ? ಖಾಜಾಬಿ ಅಳಿಯನಿಗೆ ವಾರದುದ್ದಕ್ಕೂ ಹೊತ್ತು ಹೊತ್ತಿಗೆ ಬೆಲ್ಲ ತಿನ್ನಿಸಿದಳು, ಎದೆ ತೊಳೆದುಕೊಂಡು ಸ್ವಚ್ಛವಾಗಿ ಫೋಟೋಕ್ಕೆ ನಿಲ್ಲಲಿ ಅಂತ. ಆ ಹೆಣ್ಣುಮಗಳನ್ನು ಏನಂತ ಬೈಯುವುದು. ಬೈಯಬೇಕಾದವನು ಇಂಜಿನಿಯರ್. ಕಾರ್ಖಾನೆಯ ಕೋಣೆಯಿಂದ ಧೂಳು ಹೊರಹಾಕುವ ಫ್ಯಾನಿನ ಲೆಕ್ಕ ಬರೆದು ಪಾಸಾದವನು, ತನ್ನ ಮನೆಯ ಕೋಣೆಯಲ್ಲಿ ಎಷ್ಟು ಧೂಳಿದೆ ಅಂತ ಒಂದು ದಿನ ತಲೆಯೆತ್ತಿ ನೋಡಿರಲಿಲ್ಲ. ನೋಡಿದ್ದರೆ ಕೆಟ್ಟ ಎದೆ ಯಾವುದು, ಗಟ್ಟಿ ಎದೆ ಯಾವುದು ಅಂತ ಅವನಿಗೆ ಹೊಳೆಯುತ್ತಿತ್ತು.

ಮುಂಬೈಯಲ್ಲಿ ಸಾಜೀದ ಸಲಾವುದ್ದೀನನಾಗಿ ಅಂಗಿ ಕಳಚಿ ನಿಂತು ಬಂದ. ಮರುದಿನ ವರದಿ ತರಲು ಏಜೆಂಟನ ಜೊತೆ ಸಲಾವುದ್ದೀನ ಹೋದ; ಸಾಜೀದ ಎದುರಿನ ಗಾಡಿಯಲ್ಲಿ ವಡಾಪಾವ್ ತಿನ್ನುತ್ತ ಬಸ್ಸು, ಕಟ್ಟಡ, ಮಂದಿ ನೋಡುತ್ತ ನಿಂತಿದ್ದ. ಏಜೆಂಟ ಲಕೋಟೆ ಬಿಚ್ಚಿ, ಎಕ್ಸ್‌ರೇ ಫಿಲ್ಮಿನ ಜೊತೆಗಿದ್ದ ವರದಿ ಓದಿ ಮುಖ ಹುಳ್ಳಗೆ ಮಾಡಿದ. ಸಲಾವುದ್ದೀನ ಕಸಿದುಕೊಂಡು ಓದಿದ. ಎರಡೂ ಕಡೆ ಕ್ಷಯ, ಹಳೆಯದಲ್ಲ, ಈಗ ತಿನ್ನುತ್ತಿರುವುದು, ಎಡಗಡೆ ಇನ್ನೂ ಮೊದಲ ಹಂತ, ತಕ್ಷಣ ಔಷಧಿ ಸುರು ಮಾಡಬೇಕು ಅಂತ ಬರೆದಿತ್ತು. ಮೇಲೆ ಅವನದೇ ಹೆಸರು, ಅವನ ಅಪ್ಪನ ಹೆಸರು. ಒಂದು ಕ್ಷಣ ತನಗೇ ಬಂದಿದೆ ಅನ್ನುವಂತೆ ಅವನ ಕೈ ತನ್ನ ಎದೆಯ ಮೇಲೆ ಹೋಯಿತು. ಆಮೇಲೆ ಗಾಡಿಯ ಹತ್ತಿರ ನಿಂತು ಕೆಮ್ಮುತ್ತಿದ್ದವನನ್ನು ನೋಡಿದ. ಏಳನೆಯ ಇಯತ್ತೆಯಿಂದ ಇಲ್ಲಿಯ ತನಕ ತಾನು ಓದಿದ ಅಷ್ಟೂ ವರ್ಷ ಅವನು ನುಂಗಿದ್ದು ಈ ಕಪ್ಪು ಹಾಳೆಯಲ್ಲಿ ಬೆಳ್ಳಗೆ ಮೂಡಿತ್ತು.

ಏಜೆಂಟನಿಗೆ ಇದಾವುದೂ ಸಂಬಂಧವಿಲ್ಲ. ಈ ಎದೆಯೂ ಕೆಟ್ಟದ್ದು ಹೋಗಲಿ, ಮೂರನೆಯದನ್ನು ನಾನೇ ಇಲ್ಲಿ ಹುಡುಕಿ ನಿಲ್ಲಿಸುತ್ತೇನೆ, ಪಾಸ್‌ಪೋರ್ಟ್ ಇಲ್ಲಿಯೇ ಇರಲಿ, ನೀನು ಊರಿಗೆ ಹೋಗಿ ಬಾಯಿ ಮುಚ್ಚಿಕೊಂಡು ಫೋನಿನ ದಾರಿ ಕಾಯಿ ಅಂದ. ಸಾಜೀದ ಬಾಯಿ ಒರೆಸಿಕೊಳ್ಳುತ್ತ ಓಡಿಬಂದು ಏನಾಯಿತು ಅಂತ ಕೇಳಿದಾಗ ಸಲಾವುದ್ದೀನನ ಬಾಯಿಂದ ತಾನಾಗಿಯೇ ಸುಳ್ಳು ಬಂತು. ಮಷೀನು ಕೆಟ್ಟಿತ್ತಂತೆ, ಇನ್ನೊಮ್ಮೆ ನೋಡುತ್ತಾರಂತೆ ಅಂದ. ಪಾಪ, ಸಾಜೀದನ ಮುಖ ಸಣ್ಣದಾಯಿತು. ತಾನು ಸರಿಯಾಗಿ ಉಸಿರು ಹಿಡಿಯಲಿಲ್ಲವೇನೋ, ಅದಕ್ಕೇ ಹೀಗಾಯಿತು ಅಂತ ದಾರಿಯುದ್ದಕ್ಕೂ ಹಲುಬಿದ.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ನವಲಗುಂದ ದಾಟುವ ಹೊತ್ತಿಗೆ ಸಾಜೀದ ಇವನ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋದ. ನಿದ್ದೆಯಲ್ಲೂ ಕೆಮ್ಮು. ಸಲಾವುದ್ದೀನ ಮುಖವನ್ನು ಕಿಟಕಿಯ ಕಡೆ ತಿರುಗಿಸಿದ, ತಿರುಗಿಸಿದ್ದು ತನಗೇ ತಿಳಿದು ಹೇಸಿಕೆಯಾಯಿತು. ನರಗುಂದದ ಗುಡ್ಡ ಕಾಣುವಷ್ಟರಲ್ಲಿ ಹೇಳಿಬಿಡಬೇಕು ಅಂದುಕೊಂಡ. ಗುಡ್ಡ ಹಿಂದೆ ಸರಿಯಿತು. ಹೇಳಿದರೆ ಏನಾಗುತ್ತದೆ ಅಂತ ಅವನಿಗೆ ಬಿಡಿಬಿಡಿಯಾಗಿ ಕಾಣುತ್ತಿತ್ತು. ಸಾಜೀದ ಬಿಲ್ಲು ಬಿಡುತ್ತಾನೆ. ಅಪ್ಪನ ಕೈಲಾಗುವುದಿಲ್ಲ. ಗುಲ್ಷನಳ ನಿಕಾಹ್ ನಿಲ್ಲುತ್ತದೆ. ಮನೆಯಲ್ಲಿ ದುಡಿಯುವ ಕೈ ಒಂದೇ ಉಳಿಯುತ್ತದೆ, ಅದು ತನ್ನದು, ಅವ್ವ ಕಾಲು ಹಿಡಿದಾದರೂ ನಿಲ್ಲಿಸಿಕೊಳ್ಳುತ್ತಾಳೆ. ಹೇಳದೆ ಹೋದರೆ? ರಮಜಾನಿಗೆ ಒಂದು ತಿಂಗಳೂ ಉಳಿದಿಲ್ಲ. ಹೋಗಿ ಸೇರಿದ ಮೊದಲ ಪಗಾರದಲ್ಲೇ ಅವನನ್ನು ದೊಡ್ಡ ದವಾಖಾನೆಗೆ ಹಾಕಿದರಾಯಿತು, ಇಷ್ಟು ವರ್ಷ ತಡೆದ ಎದೆ ಇನ್ನೆರಡು ತಿಂಗಳು ತಡೆಯಲಾರದೆ? ರೋಣದಲ್ಲಿ ಬಸ್ಸು ನಿಂತಾಗ ಸರಕಾರಿ ದವಾಖಾನೆಯ ಬೋರ್ಡು ಕಣ್ಣಿಗೆ ಬಿತ್ತು. ಅಲ್ಲಿಯೂ ಇಳಿಯಲಿಲ್ಲ. ಹೀಗೆ ಲೆಕ್ಕ ಹಾಕುವವರನ್ನು ಕೊಲೆಗಡುಕರು ಅನ್ನುವುದು ಸುಲಭ. ಅವತ್ತು ಆ ಬಸ್ಸಿನಲ್ಲಿ ಕೂತವನು ಕೊಲೆಗಡುಕನಲ್ಲ, ಹತಾಶನಾದ ಹುಡುಗ, ಅಷ್ಟೇ. ಫಿಲ್ಮನ್ನು ಬ್ಯಾಗಿನ ತಳದಲ್ಲಿಟ್ಟು, ಮೇಲೆ ಬಟ್ಟೆ ಹೊದಿಸಿದ.

ಆಮೇಲಿನ ದಿನಗಳು ಅವನಿಗೆ ನರಕ. ಬೆಳಗಾದರೆ ವಾಸುದೇವನ ಬೂತು, ಸಂಜೆಯಾದರೆ ವಾಸುದೇವನ ಬೂತು. ಫೋನು ಬಂತೇನು ಅಂತ ಇವನು ಕೇಳುವ ಮೊದಲೇ ವಾಸುದೇವ ತಲೆಯಾಡಿಸುತ್ತಿದ್ದ. ಮನೆಯಲ್ಲಿ ಬಿಲ್ಲು ಮೊದಲಿಗಿಂತ ಜೋರಾಗಿ ನಡೆದಿತ್ತು, ಯಾಕೆಂದರೆ ಮದುಮಕ್ಕಳ ಗಾದಿಯ ಅರಳೆಯನ್ನು ಮದುಮಗನೇ ಹಿಂಜಬೇಕು ಅನ್ನುವುದು ಆ ಮನೆತನದ ಪದ್ಧತಿ. ಸಲಾವುದ್ದೀನ ಹೋಗುವುದರೊಳಗೆ ಗಾದಿ ಮುಗಿಸಿ ತೋರಿಸುತ್ತೇನೆ ಅಂತ ಸಾಜೀದ ಹಟಕ್ಕೆ ಬಿದ್ದಿದ್ದ. ನರಗುಂದದಿಂದ ಒಳ್ಳೆಯ ಅರಳೆ ತರಿಸಿದ್ದರು. ಗುಂಡಿನ ಹತ್ತು ಏಟಿಗೊಮ್ಮೆ ನಿಂತು, ಬಗ್ಗಿ, ಕೆಮ್ಮಿ, ಮತ್ತೆ ಹೊಡೆಯುತ್ತಿದ್ದ. ಆ ನಡುವೆ ಸಪ್ಪಳ ನಿಂತಾಗಲೆಲ್ಲ ಸಲಾವುದ್ದೀನನ ಜೀವ ಬಾಯಿಗೆ ಬರುತ್ತಿತ್ತು. ಸುರುವಾದರೂ ಸಮಾಧಾನವಿಲ್ಲ. ಬಿಡೋ ಸಾಕು, ನಾಳೆ ಮಾಡಿದರಾಯಿತು ಅಂತ ಎರಡು ಸಲ ಹೇಳಿನೋಡಿದ. ಇಂಜಿನಿಯರ್ ಸಾಹೇಬರು ನಮಗೆ ರಜೆ ಕೊಟ್ಟರು ಅಂತ ಸಾಜೀದ ಚೇಷ್ಟೆ ಮಾಡಿ ಮತ್ತೆ ಗುಂಡು ಎತ್ತಿದ.

ಒಂದು ಮುಂಜಾನೆ ಗುಲ್ಷನ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದವಳು ಅಣ್ಣನನ್ನು ಕರೆದಳು. ಕೈಯಲ್ಲಿ ಸಾಜೀದನ ಅಂಗಿ ಹಿಡಿದಿದ್ದಳು.

"ಅಣ್ಣಾ, ನೀ ಕಲತಾಂವ ಅದಿ, ಅದಕ್ಕ ಕೇಳಾಕತ್ತೀನಿ. ಇವರ ಕೆಮ್ಮು ಅಪ್ಪನ ಕೆಮ್ಮಿನಂಗ ಇಲ್ಲ. ರಾತ್ರಿ ಬೆವತು ಅಂಗಿ ಹಿಂಡೂ ಹಂಗ ಆಗಿರತೈತಿ. ಏನರ ಆಗೇತೇನು ಅವರಿಗೆ?"

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಬರಲಾರದು. ಕೇಳಿದವಳು ತಂಗಿ, ಸುತ್ತ ಬೇರೆ ಯಾರೂ ಇಲ್ಲ. ಸಲಾವುದ್ದೀನನ ನಾಲಿಗೆಯ ತುದಿಗೆ ಬಂದಿತ್ತು. ಅದೇ ನಾಲಿಗೆ ಬೇರೆಯದನ್ನೇ ಆಡಿತು.

"ಏನೂ ಆಗಿಲ್ಲ ಬಿಡವಾ. ಅರಳಿ ಧೂಳು ಅದು. ನಾ ಮಸ್ಕತ್‌ಗೆ ಹೋದ ಮ್ಯಾಲ ಧೂಳ ಜಗ್ಗೂ ಫ್ಯಾನ್ ಹಾಕ್ಸೂಣಂತ."

"ನೀ ಅಂದ್ರ ಆತು" ಅಂದಳು ಗುಲ್ಷನ, ಮುಖ ಅರಳಿಸಿ ಅಂಗಿಯನ್ನು ಹಗ್ಗಕ್ಕೆ ಹಾಕಿದಳು. ಕಲಿತವನ ಮಾತು ನೋಡಿ. ಬೇರೆ ಯಾರಾದರೂ ಹೇಳಿದ್ದರೆ ಅವಳು ಎರಡನೆಯ ಸಲ ಕೇಳುತ್ತಿದ್ದಳು.

ರಮಜಾನಿಗೆ ಇನ್ನು ಒಂದು ವಾರ ಅನ್ನುವಾಗ ವಾಸುದೇವ ತಾನೇ ಬೂತು ಬಿಟ್ಟು ಓಡಿಬಂದ. ಏಜೆಂಟನ ಫೋನು ಬಂದಿತ್ತು. ಮೂರನೆಯ ಎದೆ ಪಾಸಾಗಿತ್ತು. ಯಾರದೋ, ದೇವರೇ ಬಲ್ಲ. ವೀಸಾ ಆಯಿತು, ಟಿಕೆಟ್ಟು ಆಯಿತು, ನಾಡಿದ್ದು ಹುಬ್ಬಳ್ಳಿಯಿಂದ ಮುಂಬೈ ಬಸ್ಸು ಹಿಡಿಯಬೇಕು, ಮರುದಿನವೇ ವಿಮಾನ. ಓಣಿಯ ಮಂದಿಯೆಲ್ಲ ಮನೆಗೆ ಬಂದು ಹೋದರು. ಕಟ್ಟೆಯ ಮೇಲೆ ಕೂತು ಹಂಗಿಸುತ್ತಿದ್ದವರೇ ಕೈಹಿಡಿದು, ಅಲ್ಲಿ ನಮ್ಮ ಹುಡುಗನಿಗೂ ಒಂದು ನೋಡಪಾ ಅಂದರು. ಖಾಜಾಬಿ ದರ್ಗಾಕ್ಕೆ ಸಕ್ಕರೆ ಓದಿಸಿ ಓಣಿಗೆಲ್ಲ ಹಂಚಿದಳು. ರಮಜಾನಸಾಬ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಎಡಗೈಯಿಂದ ಸಲಾಮು ಮಾಡಿದ. ಸಲಾವುದ್ದೀನ ನಗಬೇಕಾದಲ್ಲೆಲ್ಲ ನಕ್ಕ. ನಕ್ಕು ನಕ್ಕು ಅವನ ದವಡೆ ನೋಯುತ್ತಿತ್ತು.

ಹೊರಡುವ ದಿನ ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಿಲ್ಲಿನ ಕೋಣೆಗೆ ಹೋದ, ಸಾಜೀದನಿಗೆ ಹೇಳಿ ಹೋಗಲು. ಸಾಜೀದ ಕೊನೆಯ ಅರಳೆ ಹಿಂಜುತ್ತಿದ್ದ. ಇವನನ್ನು ಕಂಡು ಎದ್ದುನಿಲ್ಲಲು ಹೋದ, ಕೆಮ್ಮು ಬಂತು, ಗುಂಡು ಕೈಯಿಂದ ಜಾರಿತು. ಈ ಸಲದ ಕೆಮ್ಮು ಬೇಗ ನಿಲ್ಲಲಿಲ್ಲ. ನಿಂತಾಗ ಅವನ ಮುಂದಿನ ಅರಳೆಯ ಮೇಲೆ ರಕ್ತ ಬಿದ್ದಿತ್ತು, ಒಂದೆರಡು ಹನಿಯಲ್ಲ, ಬೊಗಸೆಯಷ್ಟು. ಗುಲ್ಷನ ಬಾಗಿಲಲ್ಲಿ ಕಲ್ಲಾಗಿ ನಿಂತಳು. ರಮಜಾನಸಾಬ ಬಂದು ನೋಡಿ, ಗಾಬರಿಯಾಗಬೇಡಿ, ಧೂಳಿಗೆ ಗಂಟಲು ಕೆರೆದು ಹಿಂಗಾಗತೈತಿ, ಬೆಲ್ಲ ತರ್ರಿ ಅಂದ. ಖಾಜಾಬಿ ಬೆಲ್ಲಕ್ಕೆ ಒಳಗೆ ಹೋದಳು. ಸಾಜೀದ ಬಾಯಿ ಒರೆಸಿಕೊಂಡು, ಅರಳೆ ಹೊಲಸಾಯಿತಲ್ಲ ಅಂತ ಅದನ್ನೇ ನೋಡುತ್ತಿದ್ದ, ಆಮೇಲೆ ಇವನ ಕಡೆ ತಿರುಗಿ, ನೀ ನಡಿ, ಬಸ್ಸಿಗೆ ಹೊತ್ತಾಯಿತು ಅಂತ ಕೈ ಮಾಡಿದ.

ಸುಮ್ಮನೆ ಹೊರಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೆಲ್ಲ ಬರುತ್ತಿತ್ತು, ಸಾಜೀದ ತಿನ್ನುತ್ತಿದ್ದ, ಬಸ್ಸು ಹೋಗುತ್ತಿತ್ತು. ಸಲಾವುದ್ದೀನ ಹೊಸ್ತಿಲ ತನಕ ಹೋದವನು ಬ್ಯಾಗು ಇಳಿಸಿದ.

"ಅವ್ವಾ, ಬೆಲ್ಲ ಬ್ಯಾಡ. ಇದು ಧೂಳಲ್ಲ, ಟಿಬಿ. ಸಾಜೀದಾ, ಏಳು, ರೋಣಕ್ಕ ಹೋಗೂಣು."

ನಿನಗೆ ಹ್ಯಾಂಗೆ ಗೊತ್ತು ಅಂತ ಅಪ್ಪ ಕೇಳಿದ. ನಾನು ಕಲಿತಿದ್ದೇನಲ್ಲ ಅಂದ ಸಲಾವುದ್ದೀನ. ಅಷ್ಟು ಹೊತ್ತಿನಲ್ಲೂ ಪೂರಾ ಖರೇ ಹೇಳುವ ಧೈರ್ಯ ಬರಲಿಲ್ಲ ನೋಡಿ. ಇವತ್ತೇ ಹೋಗಬೇಕೇನು, ನೀನು ಬಸ್ಸು ಹಿಡಿ, ನಾವು ತೋರಿಸಿಕೊಂಡು ಬರುತ್ತೇವೆ ಅಂತ ಖಾಜಾಬಿ ಅಂಗಲಾಚಿದಳು. ಅವನು ಕೇಳಲಿಲ್ಲ. ಸಾಜೀದನ ರಟ್ಟೆ ಹಿಡಿದು ಎಬ್ಬಿಸಿದಾಗ ಕೈಗೆ ಬರೀ ಎಲುಬು ಸಿಕ್ಕಿತು.

ರೋಣದ ಸರಕಾರಿ ದವಾಖಾನೆಯಲ್ಲಿ ಡಾಕ್ಟರಮ್ಮ ಸಾಜೀದನ ಬೆನ್ನಿಗೆ ಸ್ಟೆತಾಸ್ಕೋಪ್ ಹಿಡಿದು ಕೇಳಿ ಹೊಸ ಎಕ್ಸ್‌ರೇ ತೆಗೆಸಿದರು. ಅದು ಬಂದ ಮೇಲೆ, ಮೊದಲು ಯಾವಾಗಲಾದರೂ ತೆಗೆಸಿದ್ದಿರೇನು ಅಂತ ಕೇಳಿದರು. ಸಲಾವುದ್ದೀನ ಬ್ಯಾಗಿನ ತಳದಿಂದ ಮುಂಬೈಯ ಫಿಲ್ಮು ತೆಗೆದು ಕೊಟ್ಟ. ಅವರು ಎರಡನ್ನೂ ಒಂದರ ಪಕ್ಕ ಒಂದು ಬೆಳಕಿಗೆ ಹಿಡಿದರು. ಹೆಸರು ಬೇರೆ ಇದೆಯಲ್ಲ ಅಂದರು. ಇವನು ಇಂಗ್ಲಿಷಿನಲ್ಲಿ, ಸಣ್ಣ ದನಿಯಲ್ಲಿ, ನಡೆದದ್ದನ್ನು ಹೇಳಿದ. ಅವರು ಮಾತ್ರ ಕನ್ನಡದಲ್ಲೇ ಮಾತಾಡಿದರು.

"ಇದನ್ನ ತಗದು ಮೂರು ವಾರದ ಮ್ಯಾಲ ಆತಲ್ಲೋ ತಮ್ಮಾ. ಅವತ್ತ ಗುಳಿಗಿ ಸುರು ಮಾಡಿದ್ರ ಎಡಗಡೆದು ಪೂರಾ ಉಳೀತಿತ್ತು. ಹೆಂಗ ಸುಮ್ಮನಿದ್ದಿ?"

ಅವರು ಮುಂದಿನದನ್ನು ಸಾಜೀದನಿಗೇ ಹೇಳಿದರು. ಗುಳಿಗೆ ತಪ್ಪಿಸದೆ ತಿಂದರೆ ಜೀವಕ್ಕೆ ಭಯವಿಲ್ಲ, ಆದರೆ ಇನ್ನು ಮೇಲೆ ಬಿಲ್ಲು ಮುಟ್ಟುವ ಹಾಗಿಲ್ಲ, ಈ ಜನ್ಮದಲ್ಲಿ ಇಲ್ಲ. ಮನೆಯವರೆಲ್ಲ ಬಂದು ತಪಾಸಣೆ ಮಾಡಿಸಿಕೊಳ್ಳಬೇಕು. ಸಲಾವುದ್ದೀನ ವಾಸುದೇವನಿಗೆ ಫೋನು ಮಾಡಿ ಮನೆಗೆ ಸುದ್ದಿ ಮುಟ್ಟಿಸಿದ.

ದವಾಖಾನೆಯ ಮುಂದಿನ ಬೇವಿನ ಮರದ ಕೆಳಗೆ ಇಬ್ಬರೂ ಕೂತರು. ಲೆಕ್ಕದಲ್ಲಿ ಸಾಜೀದ ಮೊದಲಿನಿಂದಲೂ ಚುರುಕು, ಎಲ್ಲವನ್ನೂ ಕೂಡಿಸಿ ನೋಡಿಯಾಗಿತ್ತು.

"ಬಸ್ಸಿನ್ಯಾಗ ನಾ ನಿನ್ನ ಹೆಗಲ ಮ್ಯಾಲ ಮಕ್ಕೊಂಡಿದ್ನೆಲ್ಲ. ಆವಾಗ ಗೊತ್ತಿತ್ತಾ ನಿನಗ?"

"ಗೊತ್ತಿತ್ತು."

ಸಾಜೀದ ತಲೆಯಾಡಿಸಿದ. ಸಿಟ್ಟು ಮಾಡಿ ಎರಡು ಬಿಗಿದಿದ್ದರೆ ಸಲಾವುದ್ದೀನ ಬದುಕಿಕೊಳ್ಳುತ್ತಿದ್ದ. ಸಾಜೀದ ನೆಲ ನೋಡುತ್ತ, ಇನ್ನೂ ಹೊತ್ತಿದೆ, ಸಂಜೆಯ ಹುಬ್ಬಳ್ಳಿ ಬಸ್ಸು ಸಿಗುತ್ತದೆ, ಹೋಗು ಅಂದ. ಇವನು ಅಲ್ಲಾಡಲಿಲ್ಲ. ಆಗ ಸಾಜೀದ ಇವನ ಮುಖಕ್ಕೆ ಮುಖ ಕೊಟ್ಟು ಹೇಳಿದ.

"ನೀ ಹೋಗಲಿಲ್ಲ ಅಂದ್ರ ನನ್ನ ಎದಿ ಪುಕ್ಕಟ ಹೋದಂಗಾತು. ಹೋಗು."

ಹೋದರೆ ಅವನನ್ನು ಹೀಗೆ ಬಿಟ್ಟು ಹೋದಂತೆ, ಉಳಿದರೆ ಅವನು ಉಸಿರು ಕೊಟ್ಟು ಓದಿಸಿದ್ದೆಲ್ಲ ಮಣ್ಣುಪಾಲು. ಸಲಾವುದ್ದೀನ ಬ್ಯಾಗನ್ನು ಅಪ್ಪಿಕೊಂಡು ಕೂತೇ ಇದ್ದ. ಹುಬ್ಬಳ್ಳಿ ಬಸ್ಸು ಬಂದು, ಕಂಡಕ್ಟರ್ ಊರಿನ ಹೆಸರು ಕೂಗಿ, ಹೊರಟು ಹೋಯಿತು. ಅದರ ಹಿಂದೆಯೇ ಗಜೇಂದ್ರಗಡದ ಬಸ್ಸು ಬಂತು. ರಮಜಾನಸಾಬ, ಖಾಜಾಬಿ, ಗುಲ್ಷನ ಮೂವರೂ ಇಳಿದರು. ಮುದುಕರಿಬ್ಬರೂ ನೇರ ಒಳಗೆ ಹೋದರು. ಗುಲ್ಷನ ಮರದ ಕೆಳಗೆ ಬಂದು ನಿಂತಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು. ಅವಳು ಸಾಜೀದನನ್ನು ನೋಡಿದಳು, ಆಮೇಲೆ ಅಣ್ಣನ ಕಡೆ ತಿರುಗಿದಳು.

"ಹಿತ್ತಲದಾಗ ನಾ ಕೇಳಿದಾಗ ನಿನಗ ಗೊತ್ತಿತ್ತೇನಣ್ಣಾ?"

ಸಲಾವುದ್ದೀನ ಬಾಯಿ ತೆರೆಯುವ ಮೊದಲೇ ಸಾಜೀದ ಕೆಮ್ಮನ್ನು ತಡೆದುಕೊಂಡು ಮೆಲ್ಲಗೆ ಹೇಳಿದ.

"ಅವಗ ಹ್ಯಾಂಗ ಗೊತ್ತಿರತೈತಿ. ಇಬ್ಬರಿಗೂ ಇವತ್ತ ಗೊತ್ತಾತು."

ಗುಲ್ಷನಳ ಮುಖ ಸಡಿಲಾಯಿತು. ಅವಳು ಅಣ್ಣನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವನ ತಲೆ ಸವರಿದಳು. ಬಸ್ಸು ಹೋತಲ್ಲಣ್ಣಾ, ಇವರನ್ನ ನೋಡ್ಕೊತ ನಿನ್ನ ನೌಕರಿ ಹೋತು ಅಂತ ಅವನನ್ನೇ ಸಮಾಧಾನ ಮಾಡತೊಡಗಿದಳು. ಸಲಾವುದ್ದೀನ ಬ್ಯಾಗಿನ ಮೇಲೆ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತ. ನೌಕರಿ ಹೋಗಿದ್ದಕ್ಕೆ ಅಳುತ್ತಿದ್ದಾನೆ ಅಂತ ಅವಳು ತಿಳಿದಳು, ಸಾಜೀದ ಆ ಕಡೆ ಮುಖ ತಿರುಗಿಸಿ ಕೂತಿದ್ದ.